ವಿನ್ಯಾಸ ತಂಡದ ಓದು-ನೋಟ: ವ್ಯಾಪಾರಿಗೆ ಇದರಿಂದೇನು ಪ್ರಯೋಜನ?

ಜಾಲತಾಣ, ಮೊಬೈಲ್ ಆ್ಯಪ್ ಅಥವಾ ಉತ್ಪನ್ನಗಳ ಡಿಜಿಟಲ್ ಕ್ಯಾಟಲಾಗ್ ಸಿದ್ಧಪಡಿಸಲು ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಇಂದು ವಿನ್ಯಾಸ ತಂಡಗಳನ್ನು ಆಶ್ರಯಿಸುವುದು ಸಾಮಾನ್ಯವಾಗಿದೆ. ತಂಡವನ್ನು ಆರಿಸುವಾಗ ದರವನ್ನೂ ಹಿಂದಿನ ಕೆಲಸಗಳ ಮಾದರಿಗಳನ್ನೂ ನೋಡುವುದು ವಾಡಿಕೆ. ಆದರೆ ಆ ತಂಡದವರು ಏನನ್ನು ಓದುತ್ತಾರೆ, ಏನನ್ನು ನೋಡಿ ಆನಂದಿಸುತ್ತಾರೆ ಎಂದು ವಿಚಾರಿಸುವವರು ವಿರಳ. ಪರದೆಗೆ ಕೇವಲ ಬಣ್ಣ ತುಂಬುವವರು ಯಾರು, ಗ್ರಾಹಕನ ತೊಡಕನ್ನು ಅರಿತವರು ಯಾರು ಎಂಬುದು ಈ ಪ್ರಶ್ನೆಯಿಂದ ಬಹುಮಟ್ಟಿಗೆ ತಿಳಿಯುತ್ತದೆ.

ಕಪಾಟಿನಲ್ಲಿರುವ ಪುಸ್ತಕಗಳು

ಇಂತಹ ತಂಡಗಳ ಕಪಾಟಿನಲ್ಲಿ ಸಾಮಾನ್ಯವಾಗಿ ಕಾಣುವ ಗ್ರಂಥ ಡೊನಾಲ್ಡ್ ನಾರ್ಮನ್ ಅವರ 'ದಿ ಡಿಸೈನ್ ಆಫ್ ಎವೆರಿಡೇ ಥಿಂಗ್ಸ್'. 1988ರಲ್ಲಿ ಬೇರೆ ಶೀರ್ಷಿಕೆಯಲ್ಲಿ ಪ್ರಕಟವಾದ ಈ ಕೃತಿ 2013ರಲ್ಲಿ ಪರಿಷ್ಕೃತಗೊಂಡಿತು. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಜನ ತಡವರಿಸಿದರೆ ತಪ್ಪು ಜನರದಲ್ಲ, ಬಾಗಿಲಿನ ವಿನ್ಯಾಸದ್ದು ಎಂಬುದು ಅದರ ತಿರುಳು. ಆನ್‌ಲೈನ್ ಬೇಡಿಕೆ ಸಲ್ಲಿಸಲಾಗದೆ ಹಿಂದಿರುಗುವ ಗ್ರಾಹಕನಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯದು, 2000ದಲ್ಲಿ ಪ್ರಕಟವಾದ ಸ್ಟೀವ್ ಕ್ರುಗ್ ಅವರ 'ಡೋಂಟ್ ಮೇಕ್ ಮಿ ಥಿಂಕ್'. ಪುಟವನ್ನು ತೆರೆದೊಡನೆ ಅದು ಏನು, ಅಲ್ಲಿ ಏನು ಮಾಡಬಹುದು ಎಂಬುದು ಯೋಚಿಸುವ ಶ್ರಮವಿಲ್ಲದೆ ತಿಳಿಯಬೇಕೆಂಬುದು ಅದರ ಪ್ರತಿಪಾದನೆ. ಅದೇ ವರ್ಷ ಜಾಕೋಬ್ ನೀಲ್ಸನ್ ಅವರು, ಕೇವಲ 5 ಜನ ಬಳಕೆದಾರರ ಮೇಲೆ ಪರೀಕ್ಷಿಸಿದರೂ ಜಾಲತಾಣದ ತೊಡಕುಗಳಲ್ಲಿ ಸುಮಾರು ಶೇ. 85ರಷ್ಟು ಬೆಳಕಿಗೆ ಬರುತ್ತವೆ ಎಂದು ವಾದಿಸಿದರು. ಸಣ್ಣ ವ್ಯಾಪಾರಿಗೆ ಇದು ಆಶಾದಾಯಕ ವಿಷಯ. ಖಾಯಂ ಗಿರಾಕಿಗಳಲ್ಲಿ ಐವರನ್ನು ಕೂರಿಸಿ, ಒಂದು ವಸ್ತುವನ್ನು ಖರೀದಿಸುವಂತೆ ತಿಳಿಸಿ, ಮೌನವಾಗಿ ಗಮನಿಸಿದರೆ ಸಾಕು. ಇದಕ್ಕೆ ವಿಶೇಷ ವೆಚ್ಚವಿಲ್ಲ.

ಒಂದು ಗುಂಡಿಯ ಬೆಲೆ

ವಿನ್ಯಾಸಕಾರರು ಪದೇ ಪದೇ ಉದಾಹರಿಸುವ ಪ್ರಕರಣವೊಂದನ್ನು ಅಮೆರಿಕದ ಜ್ಯಾರೆಡ್ ಸ್ಪೂಲ್ ದಾಖಲಿಸಿದ್ದಾರೆ. ದೊಡ್ಡ ಚಿಲ್ಲರೆ ಸಂಸ್ಥೆಯೊಂದರ ಜಾಲತಾಣದಲ್ಲಿ, ವಸ್ತುಗಳನ್ನು ಆಯ್ದ ಗ್ರಾಹಕನು ಹಣ ಪಾವತಿಸುವ ಮುನ್ನ ನೋಂದಾಯಿಸಿಕೊಳ್ಳಲೇಬೇಕಿತ್ತು. ಹೊಸಬರಿಗೆ ಇದು ಕಿರಿಕಿರಿಯಾಗಿತ್ತು. ಹಳಬರಿಗೆ ಗುಪ್ತಪದ ನೆನಪಿರುತ್ತಿರಲಿಲ್ಲ. ನೋಂದಣಿಯ ಗುಂಡಿಯನ್ನು ತೆಗೆದು 'ಮುಂದುವರಿಯಿರಿ' ಎಂಬ ಗುಂಡಿಯನ್ನೂ, ಖರೀದಿಗೆ ನೋಂದಣಿ ಕಡ್ಡಾಯವಲ್ಲವೆಂಬ ಸೂಚನೆಯನ್ನೂ ಇರಿಸಲಾಯಿತು. ಸ್ಪೂಲ್ ಅವರ ಪ್ರಕಾರ ಖರೀದಿಸುವವರ ಸಂಖ್ಯೆ ಶೇ. 45ರಷ್ಟು ಏರಿ, ಮೊದಲ ವರ್ಷದಲ್ಲಿ 30 ಕೋಟಿ ಡಾಲರ್ ಹೆಚ್ಚುವರಿ ವಹಿವಾಟು ನಡೆಯಿತು. ಅಂಗಡಿಯ ಬಾಗಿಲಲ್ಲೇ ಹೆಸರು, ವಿಳಾಸ ಬರೆಸಿಕೊಂಡು ಗಿರಾಕಿಯನ್ನು ಒಳಬಿಡುವ ವರ್ತಕನಿಲ್ಲ. ಜಾಲತಾಣದಲ್ಲಿ ಮಾತ್ರ ಅದನ್ನೇ ಮಾಡಲಾಗುತ್ತಿದೆ.

ನೋಡುವ ಚಿತ್ರಗಳು

ಗ್ಯಾರಿ ಹಸ್ಟ್‌ವಿಟ್ ನಿರ್ದೇಶನದ 'ಹೆಲ್ವೆಟಿಕಾ' (2007) ಒಂದೇ ಒಂದು ಅಕ್ಷರವಿನ್ಯಾಸವನ್ನು ಕುರಿತ ಸಾಕ್ಷ್ಯಚಿತ್ರ. 1957ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ರೂಪುಗೊಂಡ ಆ ಫಾಂಟ್ ಲೋಕದ ನಾಮಫಲಕಗಳನ್ನು ಆವರಿಸಿದ ಬಗೆಯನ್ನು ಅದು ವಿವರಿಸುತ್ತದೆ. ಅವರದೇ 'ರಾಮ್ಸ್' (2018) ಚಿತ್ರವು ಬ್ರೌನ್ ಕಂಪನಿಯ ವಿನ್ಯಾಸಕಾರರಾಗಿದ್ದ ಡೀಟರ್ ರಾಮ್ಸ್ ಅವರನ್ನು ಕುರಿತದ್ದು. ಅನಗತ್ಯವಾದುದನ್ನು ಕಳೆಯುವುದೇ ಉತ್ತಮ ವಿನ್ಯಾಸವೆಂಬುದು ಅವರ ನಿಲುವು.

ಈ ವಿಚಾರ ಭಾರತಕ್ಕೆ ಹೊಸದಲ್ಲ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಸಲ್ಲಿಸಿದ 'ದಿ ಇಂಡಿಯಾ ರಿಪೋರ್ಟ್' ನಮ್ಮ ಮನೆಮನೆಯ ಚೊಂಬನ್ನೇ ಶ್ರೇಷ್ಠ ವಿನ್ಯಾಸವೆಂದು ಕೊಂಡಾಡಿತು. ಹಿಡಿಯುವ ಹಿತ, ಸುರಿಯುವ ಸೌಲಭ್ಯ, ತಗಲುವ ವೆಚ್ಚ, ಕೊನೆಗೆ ಹಳೆಯ ಲೋಹವಾಗಿ ಬರುವ ಬೆಲೆ ಮುಂತಾದವುಗಳನ್ನು ಅದು ಪರಿಗಣಿಸಿತ್ತು. ಇದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು.

ಲೆಕ್ಕಪತ್ರ ಮತ್ತು ಕರಾರು

ಸ್ವಂತ ವಿನ್ಯಾಸ ಸಿಬ್ಬಂದಿಯನ್ನು ಹೊಂದಿರುವ ಉದ್ದಿಮೆಗಳು ಈ ಓದು-ನೋಟಗಳ ವೆಚ್ಚವನ್ನು ಸರಿಯಾಗಿ ದಾಖಲಿಸುವುದು ಅಗತ್ಯ. ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ. ವಿದೇಶಿ ಸಂಸ್ಥೆಗಳಿಂದ ಪಡೆಯುವ ತರಬೇತಿ, ಫಾಂಟ್ ಅಥವಾ ತಂತ್ರಾಂಶಗಳ ಆನ್‌ಲೈನ್ ಚಂದಾ ಸೇವೆಗಳ ಆಮದು ಎನಿಸುತ್ತದೆ. ನೋಂದಾಯಿತ ವ್ಯಾಪಾರಿಯು ಇದರ ತೆರಿಗೆಯನ್ನು ರಿವರ್ಸ್ ಚಾರ್ಜ್ ಪದ್ಧತಿಯಡಿ ತಾನೇ ಪಾವತಿಸಬೇಕು. ವ್ಯವಹಾರಕ್ಕಾಗಿ ಬಳಸಿದಲ್ಲಿ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಜಮೆ ಇಲ್ಲ. ಮಾಲೀಕರ ಮನೆಯ ಮನರಂಜನೆಯ ಚಂದಾವನ್ನು ಸಂಸ್ಥೆಯ ಲೆಕ್ಕದಲ್ಲಿ ಬರೆದು ಜಮೆ ಕೋರುವುದು ಸಲ್ಲದು.

ಇದಕ್ಕಿಂತಲೂ ಮಹತ್ವದ ವಿಷಯ ಹಕ್ಕುಸ್ವಾಮ್ಯ. ಹೊರಗಿನ ತಂಡಕ್ಕೆ ಹಣ ಕೊಟ್ಟ ಮಾತ್ರಕ್ಕೆ ಲಾಂಛನ, ಪುಟವಿನ್ಯಾಸ, ಬರಹಗಳ ಹಕ್ಕು ತನ್ನದಾಯಿತೆಂದು ವ್ಯಾಪಾರಿ ಭಾವಿಸಬಾರದು. ಛಾಯಾಚಿತ್ರ, ವರ್ಣಚಿತ್ರ, ಚಲನಚಿತ್ರದಂತಹ ಕೆಲವು ಅಪವಾದಗಳನ್ನು ಬಿಟ್ಟರೆ, 1957ರ ಹಕ್ಕುಸ್ವಾಮ್ಯ ಅಧಿನಿಯಮದ ಪ್ರಕಾರ ಮೊದಲ ಹಕ್ಕು ಸಾಮಾನ್ಯವಾಗಿ ರಚಿಸಿದವರದೇ. ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಸಹಿಯನ್ನು ಹೊಂದಿರಬೇಕು. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ 5 ವರ್ಷಕ್ಕೆ ಮಾತ್ರ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತವೆಂದು ಕಾನೂನು ಪರಿಗಣಿಸುತ್ತದೆ. ರಫ್ತು ಮಾಡುವ ತಯಾರಕರಿಗೆ ಇದು ಗಂಭೀರ ತೊಡಕಾಗಬಲ್ಲದು. ಫಾಂಟಿನ ಪರವಾನಗಿಯನ್ನೂ ಪರಿಶೀಲಿಸಬೇಕು. ಮುದ್ರಣಕ್ಕೆ ಪಡೆದ ಪರವಾನಗಿ ಜಾಲತಾಣಕ್ಕೂ ಅನ್ವಯಿಸಬೇಕೆಂದಿಲ್ಲ. ಕನ್ನಡಕ್ಕೆ ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಮೊದಲಾದ ಮುಕ್ತ ಪರವಾನಗಿಯ ಫಾಂಟುಗಳು ಲಭ್ಯವಿವೆ.

ಆದುದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಸೂಕ್ತ: ಇತ್ತೀಚೆಗೆ ಓದಿದ್ದರಲ್ಲಿ ಯಾವುದನ್ನು ಈ ಕೆಲಸಕ್ಕೆ ಅಳವಡಿಸುತ್ತೀರಿ? ಎಷ್ಟು ಬಳಕೆದಾರರ ಮೇಲೆ ಪರೀಕ್ಷಿಸುತ್ತೀರಿ? ಹಕ್ಕುಗಳನ್ನು ಎಷ್ಟು ಅವಧಿಗೆ, ಯಾವ ಪ್ರದೇಶಕ್ಕೆ ಬರೆದುಕೊಡುತ್ತೀರಿ? ಮೂರಕ್ಕೂ ಸ್ಪಷ್ಟ ಉತ್ತರ ನೀಡುವ ತಂಡದ ದರ ತುಸು ಹೆಚ್ಚಾಗಿದ್ದರೂ, ಲೆಕ್ಕದ ಕೊನೆಯಲ್ಲಿ ಅದೇ ಅಗ್ಗವಾಗುವ ಸಂಭವವೇ ಹೆಚ್ಚು.