ಬಾಡಿಗೆ ಮನೆಗೆ ಹೊಸ ಕಳೆ: ದುಡ್ಡೆಲ್ಲಿಂದ?

ಐದು ವರ್ಷದಿಂದ ಇದ್ದ ಬಾಡಿಗೆದಾರರು ಖಾಲಿ ಮಾಡಿದ್ದಾರೆ. ಬೀಗ ತೆಗೆದು ಒಳಗೆ ಹೋದರೆ ನಿಮಗೇ ಅಳು ಬರುವ ಹಾಗಿದೆ. ಬಚ್ಚಲುಮನೆ ಗೋಡೆ ಉಬ್ಬಿ ಬಣ್ಣ ಉದುರುತ್ತಿದೆ, ಸಿಂಕಿನ ಕೆಳಗೆ ಜಿರಳೆಗಳ ಸಂಸಾರ, ಕಿಟಕಿಗೆ ಚಿಲಕವಿಲ್ಲ. 'ಹೇಗೂ ಖಾಲಿ ಇದೆ, ಪೂರ್ತಿ ಹೊಸದು ಮಾಡಿಸಿಬಿಡೋಣ' ಅಂತ ಯಜಮಾನರು ಹುರುಪಿನಲ್ಲಿದ್ದಾರೆ. ತಡೀರಿ! ಮೇಸ್ತ್ರಿಗೆ ಫೋನ್ ಮಾಡುವ ಮುಂಚೆ ಕಾಗದ, ಪೆನ್ನು ತಗೊಳ್ಳಿ.

ತಿಂಗಳಿಗೆ 15 ಸಾವಿರ ಬಾಡಿಗೆ ಬರುತ್ತಿತ್ತು ಅಂದುಕೊಳ್ಳಿ. 4 ಲಕ್ಷ ಸುರಿದು ಟೈಲ್ಸ್, ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಎಲ್ಲಾ ಹಾಕಿಸಿದಿರಿ. ಬಾಡಿಗೆ 18 ಸಾವಿರ ಆಯಿತು. ವರ್ಷಕ್ಕೆ ಹೆಚ್ಚಿಗೆ ಬಂದದ್ದು 36 ಸಾವಿರ. ಹಾಕಿದ ದುಡ್ಡು ಕೈಸೇರಲು 11 ವರ್ಷ! ಅಷ್ಟನ್ನೂ ಶೇ 12ರ ಬಡ್ಡಿಗೆ, ಐದು ವರ್ಷದ ಕಂತಿನ ಸಾಲ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 40 ಸಾವಿರ ದಾಟುತ್ತದೆ. ಅದರ ಬದಲು 1 ಲಕ್ಷದ 20 ಸಾವಿರದೊಳಗೆ ಸೋರಿಕೆ ನಿಲ್ಲಿಸಿ, ಬಚ್ಚಲು ಸರಿಮಾಡಿಸಿ, ಬಣ್ಣ ಬಳಿಸಿ 17 ಸಾವಿರಕ್ಕೆ ಕೊಟ್ಟರೆ ಐದು ವರ್ಷಕ್ಕೆ ಲೆಕ್ಕ ಚುಕ್ತಾ. ಕೆಲಸ ಎಳೆದಾಡಿ ಮನೆ ಖಾಲಿ ಬಿದ್ದ ಪ್ರತಿ ತಿಂಗಳೂ 15 ಸಾವಿರ ನಷ್ಟ ಅನ್ನೋದನ್ನೂ ಬರೆದುಕೊಳ್ಳಿ.

ಇನ್ನು ದುಡ್ಡು ಹೊಂದಿಸುವ ಮಾತು. ಹೊಸ ಬಾಡಿಗೆದಾರರು ಕೊಡುವ ಅಡ್ವಾನ್ಸ್ ಮೇಲೆ ಕಣ್ಣು ಹೋಗುವುದು ಸಹಜ. ಆದರೆ ಅದು ಅವರ ದುಡ್ಡು ಕಣ್ರೀ. ಆರೇ ತಿಂಗಳಿಗೆ ಅವರಿಗೆ ವರ್ಗವಾದರೆ ಎಲ್ಲಿಂದ ತರುತ್ತೀರಿ? ಕೊನೆಗೆ ಬಳೆ ಅಡವಿಡುವವರು ನೀವೇ. ಬಾಡಿಗೆ ಬಂದಾಗಲೆಲ್ಲ ಒಂದಿಷ್ಟು ಆರ್.ಡಿ.ಗೆ ಹಾಕುತ್ತಾ ಬನ್ನಿ. ಸಾಲ ಅನಿವಾರ್ಯವಾದರೆ ಪರ್ಸನಲ್ ಲೋನ್‌ಗೆ ಸಹಿ ಹಾಕುವ ಮುನ್ನ, ಗೃಹಸಾಲ ಕೊಟ್ಟ ಬ್ಯಾಂಕಿನಲ್ಲೇ ಟಾಪ್‌ಅಪ್ ಅಥವಾ ರಿಪೇರಿ ಸಾಲ ಸಿಗುತ್ತದಾ ವಿಚಾರಿಸಿ. ಸಾಮಾನ್ಯವಾಗಿ ಬಡ್ಡಿ ಕಡಿಮೆ. ಬಾಡಿಗೆಗೆ ಕೊಟ್ಟ ಮನೆಯ ರಿಪೇರಿ ಸಾಲದ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಬಾಡಿಗೆ ಆದಾಯದಿಂದ ಕಳೆಯಬಹುದು. ದುಡ್ಡು ಮನೆಗೇ ಹೋಯಿತು ಅನ್ನೋದಕ್ಕೆ ದಾಖಲೆ ಇರಬೇಕು ಅಷ್ಟೆ. ಬಣ್ಣ, ನಲ್ಲಿಯ ಬಿಲ್ ತೋರಿಸಿ ಬೇರೆ ವಿನಾಯಿತಿ ಸಿಗದು. ಕಟ್ಟಿದ ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ನ್ನು, ನೀವು ಖರ್ಚು ಮಾಡಲಿ ಬಿಡಲಿ, ಬಿಟ್ಟೇಬಿಡುತ್ತಾರೆ. ಹೊಸ ಕೋಣೆ ಕಟ್ಟಿಸಿದರೆ ಮಾತ್ರ ಬಿಲ್ ಜೋಪಾನ. ಮುಂದೆ ಮನೆ ಮಾರುವಾಗ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯಬಹುದು.

ಕೆಲಸ ಶುರುವಾಗಬೇಕಾದ್ದು ನೀರಿನಿಂದ. ನಾನೇ ಒಮ್ಮೆ ಅವಸರಕ್ಕೆ ಮೊದಲು ಬಣ್ಣ ಬಳಿಸಿ, ಮುಂದಿನ ಮಳೆಗೆ ಗೋಡೆ ತುಂಬಾ ಭೂಪಟ ಮೂಡಿದ್ದು ನೋಡಿ ಪೆಚ್ಚಾಗಿದ್ದೆ. ವಾಟರ್‌ಪ್ರೂಫಿಂಗ್ ಆದಮೇಲೆ, ಟೈಲ್ಸ್ ಕೂರಿಸುವ ಮುಂಚೆ, ಬಚ್ಚಲಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ. ಕೆಳಗಿನ ಸೀಲಿಂಗ್ ಒದ್ದೆಯಾಗದಿದ್ದರೆ ಮುಂದಿನ ಮಾತು. ಆಮೇಲೆ ಪೈಪು, ವೈರಿಂಗ್. ಬಣ್ಣ ಕಟ್ಟಕಡೆಗೆ.

ಮೇಸ್ತ್ರಿ ಕೇಳಿದ ತಕ್ಷಣ ಅರ್ಧ ದುಡ್ಡು ಕೊಟ್ಟುಬಿಡಬೇಡಿ. ಯಾವ ಕೆಲಸ, ಯಾವ ಕಂಪನಿ ಸಾಮಾನು, ಎಷ್ಟು ದಿನ, ಕೂಲಿ ಮಾತ್ರವೋ ಸಾಮಾನು ಸಮೇತವೋ ಎಲ್ಲ ಬರೆಸಿ ಸಹಿ ಹಾಕಿಸಿಕೊಳ್ಳಿ. ಒಂದೊಂದು ಕೆಲಸ ಮುಗಿದಂತೆ ಕೊಡುತ್ತಾ ಹೋಗಿ, ಆದಷ್ಟೂ ಬ್ಯಾಂಕ್ ಮೂಲಕ. ಶೇ 10ರಷ್ಟು ಹಣ ಒಂದು ಮಳೆ ಕಳೆಯುವವರೆಗೆ ನಿಮ್ಮ ಹತ್ತಿರವೇ ಇರಲಿ. ಇದನ್ನೂ ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ. ಹಾಂ, ಟೈಲ್ಸ್ ಒಂದು ಬಾಕ್ಸ್ ಹೆಚ್ಚಿಗೇ ತಂದು ಅಟ್ಟದಲ್ಲಿಡಿ. ಮೂರು ವರ್ಷ ಕಳೆದು ಒಂದು ಒಡೆದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ.