ಊಟಿಯ ಪಿಜ್ಜಾ ಮತ್ತು ನಮ್ಮ ಎಮ್ಮೆಯ ಕೆಚ್ಚಲು

ಹಾಲು ಉತ್ಪಾದಕ ಅಕ್ಕಂದಿರೇ, ತಂಗಿಯರೇ,

ಜಮಖಂಡಿಯ ರಾಮತೀರ್ಥ ಗುಡ್ಡದ ಅರಮನೆ ನಿಮಗೆಲ್ಲ ಗೊತ್ತು. ಬೆಟ್ಟದ ಮೇಲಿನ ಇಂಥ ಹಳೆಯ ಕಟ್ಟಡಗಳು ನೀಲಗಿರಿಯ ಊಟಿಯಲ್ಲಿ ಬಹಳ ಇವೆ. ಅಲ್ಲಿನ ಕ್ಲಬ್ ರಸ್ತೆಯ ಒಂದು ಹಳೆಯ ಕಟ್ಟಡದಲ್ಲಿ ‘ಪ್ಲೇಸ್ ಟು ಬೀ’ ಎಂಬ ಇಟಲಿ ಅಡುಗೆಯ ಹೋಟೆಲು ಪ್ರವಾಸಿಗರಲ್ಲಿ ಹೆಸರು ಮಾಡಿದೆ. ‘ಬೀ’ ಎಂದರೆ ಜೇನುನೊಣ. ನೀಲಗಿರಿಯ ಬುಡಕಟ್ಟು ಜನರೊಂದಿಗೆ ಜೇನಿನ ಕೆಲಸ ಮಾಡುತ್ತ ಬಂದಿರುವ ಕೋಟಗಿರಿಯ ಕೀಸ್ಟೋನ್ ಫೌಂಡೇಶನ್ ಬಳಗದ ಹೋಟೆಲು ಅದು.

ಅಲ್ಲಿ ಪಿಜ್ಜಾ ಸಿಗುತ್ತದೆ. ಗೋಧಿ ಹಿಟ್ಟಿನ ರೊಟ್ಟಿಯ ಮೇಲೆ ಟೊಮೆಟೊ, ಅದರ ಮೇಲೆ ಚೀಸ್ ಹರಡಿ ಬೇಯಿಸುತ್ತಾರೆ. ತುಂಡು ಎತ್ತಿದರೆ ದಾರದಂತೆ ಎಳೆಯುವ ಆ ಚೀಸಿನ ಹೆಸರು ಮೊಝರೆಲ್ಲಾ. ಇದರ ತವರು ದಕ್ಷಿಣ ಇಟಲಿಯ ಕಂಪಾನಿಯಾ ಪ್ರಾಂತ್ಯ. ಅಲ್ಲಿ ಇದನ್ನು ಎಮ್ಮೆ ಹಾಲಿನಿಂದಲೇ ಮಾಡುತ್ತ ಬಂದಿದ್ದಾರೆ. 1996ರಲ್ಲಿ ಯುರೋಪ್ ಒಕ್ಕೂಟ ಅದರ ಹೆಸರಿಗೆ ಕಾನೂನಿನ ರಕ್ಷಣೆಯನ್ನೂ ಕೊಟ್ಟಿದೆ. ಎಮ್ಮೆ ಹಾಲಿನಲ್ಲಿ ಫ್ಯಾಟ್ ಮತ್ತು ಪ್ರೋಟೀನ್ ಹೆಚ್ಚು. ಆದ್ದರಿಂದ ಹಸುವಿನ ಹಾಲಿಗಿಂತ ಕಡಿಮೆ ಲೀಟರಿನಲ್ಲೇ ಒಂದು ಕಿಲೋ ಚೀಸ್ ಸಿಗುತ್ತದೆ.

ಮಾಡುವ ವಿಧಾನ ಕೇಳಿದರೆ ನಿಮಗೆ ಹೊಸದೆನಿಸದು. ಹಾಲಿಗೆ ಹೆಪ್ಪು ಹಾಕಿ, ಗಟ್ಟಿಯಾದದ್ದನ್ನು ಕತ್ತರಿಸಿ, ನೀರು ಬಸಿದು, ಸರಿಯಾದ ಹುಳಿ ಬರುವವರೆಗೆ ಬಿಡುತ್ತಾರೆ. ನಂತರ ಬಿಸಿನೀರಿನಲ್ಲಿ ನಾದಿ ಎಳೆಯುತ್ತಾರೆ. ಎಲ್ಲವೂ ನಿಂತಿರುವುದು ಆ ಹೆಪ್ಪಿನ ಮೇಲೆ.

ಹೆಪ್ಪು ಎಂದರೆ ಜೀವಂತ ಬ್ಯಾಕ್ಟೀರಿಯಾ. ಕೆಚ್ಚಲು ಬಾವಿಗೆ ಕೊಟ್ಟ ಆಂಟಿಬಯೋಟಿಕ್ ಹಾಲಿನಲ್ಲಿ ಸ್ವಲ್ಪ ಉಳಿದಿದ್ದರೂ ಆ ಹೆಪ್ಪು ಸಾಯುತ್ತದೆ. ಚೀಸ್ ಕೆಡುತ್ತದೆ, ಮೊಸರೂ ಸರಿಯಾಗಿ ಹೆಪ್ಪುಗಟ್ಟದು. ಹಾಲು ಕಾಯಿಸಿದರೂ ಔಷಧ ಪೂರ್ತಿ ಹೋಗುವುದಿಲ್ಲ. ಔಷಧ ಕೊಡದೆ ಬಿಟ್ಟ ಬಾವಿನ ಹಾಲೂ ಕೆಟ್ಟದ್ದೇ: ಅದರ ಪ್ರೋಟೀನ್ ಒಡೆದಿರುತ್ತದೆ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಒಬ್ಬರ ಒಂದು ಕ್ಯಾನಿನ ತಪ್ಪು ಇಡೀ ಸಂಘದ ಹಾಲಿಗೆ ತಟ್ಟುತ್ತದೆ.

ಮುಧೋಳ, ಬೀಳಗಿ ಕಡೆ ಬಹುತೇಕ ಮನೆಗಳಲ್ಲಿ ಹಿಂಡುವ ಕೈ ನಿಮ್ಮದೇ. ಬಾವು ಮೊದಲು ಗೊತ್ತಾಗುವುದೂ ನಿಮಗೇ. ಆದ್ದರಿಂದ ಇಷ್ಟು ಮಾಡಿ:

• ಹಿಂಡುವ ಮೊದಲು ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟು ನೋಡಿ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಬಟ್ಟೆ ತುಂಡಿಗೆ ಬರವೇ? ಗಂಟು, ನೀರು ಅಥವಾ ರಕ್ತ ಕಂಡರೆ ಆ ಹಾಲನ್ನು ಬೇರೆ ಇಡಿ, ವೈದ್ಯರಿಗೆ ತಿಳಿಸಿ.

• ಔಷಧ ಕೊಟ್ಟ ದಿನವೇ, ಎಷ್ಟು ದಿನ ಹಾಲು ಹಾಕಬಾರದೆಂದು ವೈದ್ಯರನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

• ಒಂದೇ ಮೊಲೆಗೆ ಟ್ಯೂಬ್ ಹಾಕಿದರೂ ನಾಲ್ಕೂ ಮೊಲೆಯ ಹಾಲನ್ನು ಸಂಘಕ್ಕೆ ತರಬೇಡಿ. ಮನೆಯಲ್ಲಿಯೂ ಕುಡಿಯಬೇಡಿ, ಕರುವಿಗೂ ಬೇಡ.

• ಹಿಂಡಿದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ತಕ್ಷಣ ಮೇವು ಹಾಕಿ ಅರ್ಧ ಗಂಟೆಯಾದರೂ ನಿಲ್ಲಿಸಿ. ಮೊಲೆಯ ಬಾಯಿ ಮುಚ್ಚುವ ಮೊದಲೇ ಎಮ್ಮೆ ಸೆಗಣಿಯಲ್ಲಿ ಮಲಗಿದರೆ ರೋಗಾಣು ಒಳಗೆ ಹೋಗುತ್ತವೆ.

ಮೂರ್ನಾಲ್ಕು ದಿನದ ಹಾಲು ಚೆಲ್ಲುವುದು ನೋವಿನ ಮಾತು. ಸಾಲದ ಕಂತು, ಮಕ್ಕಳ ಫೀ ಎಲ್ಲ ಆ ಬಿಲ್ಲಿನ ಮೇಲೇ ಇರುತ್ತವೆ. ಆದರೆ ಬಾವು ಬರದಂತೆ ನೋಡಿಕೊಂಡರೆ ಆ ನಷ್ಟವೇ ಇಲ್ಲ. ತಡಮಾಡಿದರೆ ಮೊಲೆಯೇ ಬತ್ತಿ ಹೋಗಬಹುದು. ಮುಂದಿನ ಪ್ರತಿ ಸೂಲಿನಲ್ಲೂ ಅಷ್ಟು ಹಾಲು ಕಡಿಮೆ.

ಪೇಟೆಯಲ್ಲಿ ಚೀಸ್, ಪನೀರ್ ಕೇಳುವವರು ಹೆಚ್ಚುತ್ತಿದ್ದಾರೆ. ಅದಕ್ಕೆ ಬೇಕಾದ ಗಟ್ಟಿ ಹಾಲು ನಮ್ಮ ಎಮ್ಮೆಗಳಲ್ಲಿದೆ. ಅದನ್ನು ಶುದ್ಧವಾಗಿ ಸಂಘಕ್ಕೆ ತಲುಪಿಸುವುದೊಂದೇ ನಮ್ಮ ಕೈಯಲ್ಲಿರುವ ಕೆಲಸ. ನಾಳೆ ಬೆಳಗಿನ ಹಾಲಿನಿಂದಲೇ ಕಪ್ಪು ಬಟ್ಟೆಯ ಪರೀಕ್ಷೆ ಶುರು ಮಾಡಿ.