ಮರುಭೂಮಿಯ ನೀರು, ರಕ್ತದ ಸಕ್ಕರೆ, ಜೊತೆಗೆ ನಾಲ್ಕಾರು ಪದ

ಈ ವಾರ ನಮ್ಮ ಚೀಲದಲ್ಲಿ ಒಂದು ವಿಜ್ಞಾನದ ಸುದ್ದಿ, ಒಂದು ಆರೋಗ್ಯದ ಮಾತು, ಸ್ವಲ್ಪ ನಗು ಮತ್ತು ಕೆಲವು ಪದಗಳ ಕತೆ ಉಂಟು. ಚಾಯ ಕುಡಿಯುತ್ತಾ ಓದಿ. ಆ ಚಾಯಕ್ಕೆ ಸಕ್ಕರೆ ಎಷ್ಟು ಹಾಕಬೇಕು ಎಂಬುದನ್ನು ಓದಿ ಮುಗಿಸಿದ ಮೇಲೆ ತೀರ್ಮಾನಿಸಿದರಾಯಿತು.

ಗಾಳಿಯಿಂದ ನೀರು ತೆಗೆದ ಹುಡುಗ

2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಮೂವರಿಗೆ ಸಿಕ್ಕಿತು. ಜಪಾನಿನ ಸುಸುಮು ಕಿಟಗಾವ, ಆಸ್ಟ್ರೇಲಿಯಾದ ರಿಚರ್ಡ್ ರಾಬ್ಸನ್ ಮತ್ತು ಅಮೆರಿಕದ ಒಮರ್ ಯಾಘಿ. ಮೂರನೆಯವರ ಕತೆ ನಮ್ಮ ಮಕ್ಕಳಿಗೆ ಹೇಳಲೇಬೇಕಾದದ್ದು.

ಯಾಘಿ ಹುಟ್ಟಿದ್ದು 1965ರಲ್ಲಿ, ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ಪ್ಯಾಲೆಸ್ತೀನಿ ನಿರಾಶ್ರಿತರ ಮನೆಯಲ್ಲಿ. ಮನೆ ತುಂಬಾ ಮಕ್ಕಳು, ಇದ್ದದ್ದು ಒಂದೇ ಕೋಣೆ. ಕರೆಂಟ್ ಇಲ್ಲ, ನಲ್ಲಿ ನೀರಿಲ್ಲ. ಹತ್ತು ವರ್ಷದವರಿದ್ದಾಗ ಒಂದು ದಿನ, ಯಾವಾಗಲೂ ಬೀಗ ಹಾಕಿರುತ್ತಿದ್ದ ಶಾಲೆಯ ಲೈಬ್ರರಿಯೊಳಗೆ ನುಸುಳಿ ಕೈಗೆ ಸಿಕ್ಕ ಪುಸ್ತಕ ಬಿಡಿಸಿದರು. ಅದರಲ್ಲಿದ್ದ ಅಣುಗಳ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. 15ನೇ ವಯಸ್ಸಿನಲ್ಲಿ ತಂದೆಯ ಕಟ್ಟಪ್ಪಣೆಯಂತೆ ಓದಲು ಅಮೆರಿಕಕ್ಕೆ ಹೋದರು.

ಈ ಮೂವರ ಕೆಲಸ ಏನೆಂದರೆ, ಲೋಹದ ಕಣಗಳನ್ನು ಕಂಬದಂತೆ ನಿಲ್ಲಿಸಿ, ಇಂಗಾಲದ ಅಣುಗಳನ್ನು ಅಡ್ಡತೊಲೆಯಂತೆ ಜೋಡಿಸಿ, ಒಳಗೆಲ್ಲ ಖಾಲಿ ಕೋಣೆಗಳಿರುವ ಹರಳುಗಳನ್ನು ಕಟ್ಟಿದ್ದು. ಯಾಘಿ 1999ರಲ್ಲಿ ಮಾಡಿ ತೋರಿಸಿದ ಒಂದು ವಸ್ತುವಿನ ಒಂದೆರಡು ಗ್ರಾಮ್ ಪುಡಿಯೊಳಗೆ ಇಡೀ ಫುಟ್ಬಾಲ್ ಮೈದಾನದಷ್ಟು ಜಾಗ ಅಡಗಿದೆ! ಇಂತಹದೇ ಇನ್ನೊಂದು ಹರಳನ್ನು ಅವರ ತಂಡ ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಇಟ್ಟು ನೋಡಿತು. ರಾತ್ರಿ ಹೊತ್ತು ಅದು ಒಣ ಗಾಳಿಯಲ್ಲಿರುವ ತೇವಾಂಶವನ್ನು ಹೀರಿಕೊಂಡಿತು. ಬೆಳಿಗ್ಗೆ ಬಿಸಿಲು ತಾಗಿದಾಗ ಬಿಟ್ಟುಕೊಟ್ಟಿತು. ಆ ಆವಿ ತಣಿದು ನೀರಾಯಿತು.

ಗಲ್ಫಿನಲ್ಲಿ ದುಡಿಯುವ ನಮ್ಮವರಿಗೆ ನೀರಿನ ಬೆಲೆ ಗೊತ್ತು. ಅಲ್ಲಿ ಕುಡಿಯುವ ನೀರಿನ ಹೆಚ್ಚಿನ ಪಾಲು ಸಮುದ್ರದ ಉಪ್ಪುನೀರನ್ನು ಶುದ್ಧ ಮಾಡಿ ಬರುವಂಥದ್ದು. ನಾಳೆಯೇ ಈ ಹರಳು ಮನೆಮನೆಗೆ ನೀರು ಕೊಡುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಆದರೆ ನಲ್ಲಿಯಿಲ್ಲದ ಮನೆಯಲ್ಲಿ ಬೆಳೆದ ಹುಡುಗ ಗಾಳಿಯಿಂದ ನೀರು ತೆಗೆದ. ನಮ್ಮ ಊರಿನ ಶಾಲೆಯ ಲೈಬ್ರರಿಗೆ ಬೀಗ ಇದ್ದರೆ ತೆಗೆಸೋಣ.

ಮೂರು ತಿಂಗಳ ಲೆಕ್ಕ

ಇನ್ನು ಆರೋಗ್ಯದ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಅಂದರೆ ಕಾಯಿಲೆ ಇದ್ದವರಿಗಿಂತ ಬರಲು ಕಾಯುತ್ತಿರುವವರೇ ಜಾಸ್ತಿ. ಹೊಸ್ತಿಲಲ್ಲಿರುವವರಿಗೆ ನೋವಿಲ್ಲ, ಜ್ವರವಿಲ್ಲ. ಪರೀಕ್ಷೆ ಮಾಡಿಸದೆ ಗೊತ್ತಾಗುವುದೇ ಇಲ್ಲ.

ಲ್ಯಾಬಿನ ರಿಪೋರ್ಟಿನಲ್ಲಿ ‘ಎಚ್‌ಬಿಎ1ಸಿ’ ಎಂದು ಬರೆದಿರುತ್ತದಲ್ಲ, ಅದು ಎಂತ? ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಆ ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅದು ಅಂಟಿಕೊಳ್ಳುತ್ತಾ ಹೋಗುತ್ತದೆ. ಎಷ್ಟು ಅಂಟಿದೆ ಎಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. 5.7ಕ್ಕಿಂತ ಕಡಿಮೆ ಇದ್ದರೆ ಸರಿ. 5.7ರಿಂದ 6.4 ಹೊಸ್ತಿಲು. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಎಂದು ಲೆಕ್ಕ. ಲ್ಯಾಬಿಗೆ ಹೋಗುವ ಎರಡು ದಿನ ಮುಂಚೆ ಬಿರಿಯಾನಿ, ಪಾಯಸ ಬಿಟ್ಟು ಒಳ್ಳೆಯವರಾದರೆ ಈ ಪರೀಕ್ಷೆ ಮೋಸ ಹೋಗುವುದಿಲ್ಲ, ಮಾರಾಯ್ರೆ! ಆದರೆ ರಕ್ತಹೀನತೆ ಇರುವವರಲ್ಲಿ ಈ ಲೆಕ್ಕ ತಪ್ಪಬಹುದು. ಹಾಗಾಗಿ ಒಂದು ರಿಪೋರ್ಟ್ ನೋಡಿ ನಾವೇ ತೀರ್ಪು ಕೊಡುವುದು ಬೇಡ, ಡಾಕ್ಟರು ನೋಡಲಿ.

ಸ್ವಲ್ಪ ನಗು

ಡಾಕ್ಟರು: “ಹಾಜಿಯವರೇ, ನಾಳೆ ಬೆಳಿಗ್ಗೆ ಫಾಸ್ಟಿಂಗ್‌ನಲ್ಲಿ ಬನ್ನಿ.”
ಹಾಜಿಯವರು: “ನಾಳೆಯಾ? ರಮಝಾನ್‌ಗೆ ಇನ್ನೂ ಮೂರು ತಿಂಗಳು ಉಂಟಲ್ಲ ಡಾಕ್ಟ್ರೇ!”

ಮದುವೆ ಮನೆಯಲ್ಲಿ ಕಾಕ: “ಮೋಣು, ನನಗೆ ಚಾಯಕ್ಕೆ ಸಕ್ಕರೆ ಬೇಡ. ಶುಗರ್ ಉಂಟು.”
ಹುಡುಗ: “ಮತ್ತೆ ಈ ಮೂರು ತುಂಡು ಹಲ್ವ?”
ಕಾಕ: “ಅದಕ್ಕೆ ಜಾಗ ಬೇಕಲ್ಲ, ಅದಕ್ಕೇ ಚಾಯದಲ್ಲಿ ಬಿಟ್ಟದ್ದು!”

“ಕಾಕ, ನಿಮಗೆ ಶುಗರ್ ಉಂಟಾ?”
“ಇಲ್ಲಪ್ಪ. ಮಾತ್ರೆ ಮಾತ್ರ ಉಂಟು.”

ಈ ಕೊನೆಯ ಮಾತಿಗೆ ನಕ್ಕು ಸುಮ್ಮನಾಗುವ ಹಾಗಿಲ್ಲ. “ಶುಗರ್ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ” ಎನ್ನುವವರು ನಮ್ಮ ನಡುವೆ ಎಷ್ಟು ಮಂದಿ! ನಾರ್ಮಲ್ ಬಂದದ್ದು ಮಾತ್ರೆ ಕೆಲಸ ಮಾಡಿದ್ದಕ್ಕೆ. ಕೊಡೆ ಹಿಡಿದು ಮಳೆಯಲ್ಲಿ ನಡೆದವ “ನಾನು ಒದ್ದೆ ಆಗಲಿಲ್ಲ, ಇನ್ನು ಕೊಡೆ ಎಂತಕ್ಕೆ?” ಎಂದು ಮಡಚಿಟ್ಟ ಹಾಗೆ ಇದು. ಮಾತ್ರೆ ಕಡಿಮೆ ಮಾಡಲೂ ಬಹುದು, ನಿಲ್ಲಿಸಲೂ ಬಹುದು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು. ಸಕ್ಕರೆ ಸದ್ದಿಲ್ಲದೆ ಹಾಳು ಮಾಡುವುದು ಕಣ್ಣು, ಕಿಡ್ನಿ ಮತ್ತು ಕಾಲಿನ ನರಗಳನ್ನು. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ರಮಝಾನ್ ಉಪವಾಸ ಹಿಡಿಯುವವರು ತಿಂಗಳು ಶುರುವಾಗುವ ಮುಂಚೆಯೇ ಡಾಕ್ಟರನ್ನು ಕಂಡು ಮಾತ್ರೆ, ಇನ್ಸುಲಿನ್‌ಗಳ ಹೊತ್ತು ಮತ್ತು ಪ್ರಮಾಣ ಕೇಳಿಕೊಳ್ಳಬೇಕು.

ಪದಗಳ ಪ್ರಯಾಣ

ಸಕ್ಕರೆ: ಸಂಸ್ಕೃತದ ‘ಶರ್ಕರಾ’ ಪರ್ಷಿಯಾಕ್ಕೆ ಹೋಗಿ ‘ಶಕರ್’ ಆಯಿತು, ಅರಬಿಯಲ್ಲಿ ‘ಸುಕ್ಕರ್’ ಆಯಿತು, ಯುರೋಪಿಗೆ ದಾಟಿ ಇಂಗ್ಲಿಷಿನ ‘ಶುಗರ್’ ಆಯಿತು. ಈಗ ಕಾಯಿಲೆಯ ಹೆಸರಾಗಿ ನಮ್ಮ ಮನೆಗೇ ವಾಪಸ್ ಬಂದಿದೆ. ಗಲ್ಫಿನ ಆಸ್ಪತ್ರೆಯಲ್ಲಿ ‘ಸುಕ್ಕರಿ’ ಎಂದರೆ ಇದೇ ಕಾಯಿಲೆ.

ಶರಬತ್ತು, ಸಿರಪ್: ಎರಡೂ ‘ಕುಡಿ’ ಎಂಬ ಅರ್ಥದ ಒಂದೇ ಅರಬಿ ಧಾತುವಿನ ಮಕ್ಕಳು. ಒಂದು ಮದುವೆ ಮನೆಗೆ ಹೋಯಿತು, ಇನ್ನೊಂದು ಮೆಡಿಕಲ್ ಶಾಪಿಗೆ.

ಸೊನ್ನೆ: ‘ಶೂನ್ಯ’ವನ್ನು ಅರಬರು ‘ಸಿಫ್ರ್’ ಎಂದರು. ಅದರಿಂದಲೇ ಇಂಗ್ಲಿಷಿನ ‘ಝೀರೋ’ ಹುಟ್ಟಿದ್ದು.

ಆಲ್‌ಜೀಬ್ರಾ: ಅರಬಿಯ ‘ಅಲ್ ಜಬ್ರ್’, ಅಂದರೆ ಮುರಿದದ್ದನ್ನು ಕೂಡಿಸುವುದು. ಹಳೆಯ ಸ್ಪೇನಿನಲ್ಲಿ ಮೂಳೆ ಕೂಡಿಸುವವನನ್ನೂ ಇದೇ ಪದದಿಂದ ಕರೆಯುತ್ತಿದ್ದರು. ಗಣಿತ ಎಂದರೆ ಮೈಕೈ ನೋವು ಎನ್ನುವ ಮಕ್ಕಳಿಗೆ ಹೇಳಿ.

ದಬ್ಬೂಸು: ನಮ್ಮ ಉಮ್ಮಂದಿರ ಬಾಯಲ್ಲಿ ಪಿನ್ನಿಗೆ ಇರುವ ಬ್ಯಾರಿ ಪದ. ಇದೂ ಅರಬಿಯಿಂದ ಬಂದದ್ದು. ಬೆರಳ ತುದಿಗೆ ದಬ್ಬೂಸು ಚುಚ್ಚಿದ ಹಾಗೆ ಒಂದು ಕ್ಷಣ, ಒಂದು ಹನಿ ರಕ್ತ. ಶುಗರ್ ಪರೀಕ್ಷೆಗೆ ಹೆದರುವವರಿಗೆ ಇಷ್ಟು ಹೇಳಿದರೆ ಸಾಕು.

ಬಾರ್ಡರ್: ಇದು ಇಂಗ್ಲಿಷ್ ಪದವೇ ಆದರೂ ಈಗ ನಮ್ಮೆಲ್ಲರದ್ದು. “ಬಾರ್ಡರ್‌ನಲ್ಲಿ ಉಂಟಂತೆ, ಏನೂ ತೊಂದರೆ ಇಲ್ಲ” ಎಂದು ರಿಪೋರ್ಟನ್ನು ಕಪಾಟಿನಲ್ಲಿ ಇಟ್ಟುಬಿಡುತ್ತೇವೆ. ರಜೆಗೆ ಬಂದ ಮಗ, ಅಡುಗೆ ಮನೆ ಬಿಟ್ಟು ಹೊರಗೆ ಬಾರದ ಉಮ್ಮ, ಅಂಗಡಿಯಲ್ಲಿ ಕೂತೇ ದಿನ ಕಳೆಯುವ ಉಪ್ಪ, ಎಲ್ಲರೂ ಒಂದು ಬೆಳಿಗ್ಗೆ ಪರೀಕ್ಷೆ ಮಾಡಿಸಿಕೊಳ್ಳಲಿ. ತಟ್ಟೆಯಲ್ಲಿ ಅನ್ನ, ಪತ್ತಿರ್ ಸ್ವಲ್ಪ ಕಡಿಮೆಯಾಗಿ ತರಕಾರಿ ಹೆಚ್ಚಾಗಲಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಲಿ. ಬಾರ್ಡರ್‌ನಲ್ಲಿ ಇರುವವರು ಬಹಳಷ್ಟು ಮಂದಿ ಹಿಂದಿರುಗಿ ಬರಬಹುದು. ಇಲ್ಲಿಂದ ವಾಪಸ್ ಬರಲು ವೀಸಾವೂ ಬೇಡ, ಟಿಕೆಟೂ ಬೇಡ.